ಅಜ್ಜಿಯ ಕಥೆಯನ್ನು ಕನ್ನಡದಲ್ಲಿ ಬರೆಯುವ ಮಗಳಿಗೆ

ಚಿ. ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಊರಿನ ಸುದ್ದಿಯನ್ನೆಲ್ಲ ನಿನ್ನ ತಾಯಿ ಫೋನಿನಲ್ಲಿ ಹೇಳಿಯೇ ಇರುತ್ತಾಳೆ. ನನ್ನ ಮನಸ್ಸು ಕದಡಿದ್ದು ನಿನ್ನ ಪತ್ರದ ಕೊನೆಯ ಪ್ರಶ್ನೆಯಿಂದ: ತುಳುವನ್ನಲ್ಲದೆ ಬೇರೇನನ್ನೂ ಆಡದ ಅಜ್ಜಿಯ ಬದುಕನ್ನು ಅವರಿಗೆ ಓದಲು ಬಾರದ ಕನ್ನಡದಲ್ಲಿ ಬರೆದರೆ, ಅದು ಅವರಿಂದ ಕಸಿದುಕೊಂಡಂತೆ ಆಗದೇ ಎಂದು ಕೇಳಿದ್ದೀಯೆ.

ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಮಂಜೇಶ್ವರದ ಗೋವಿಂದ ಪೈಗಳದು ಕೊಂಕಣಿ. ಅವರ ಕನ್ನಡವನ್ನು ಎರವಲೆಂದು ಯಾರೂ ಹೇಳಲಾರರು. ಆದರೆ ಈ ಸಮಾಧಾನ ನಿನಗೆ ಸಾಲದು, ನನಗೂ ಸಾಲುತ್ತಿಲ್ಲ, ಏಕೆಂದರೆ ಮರಾಠಿಗೂ ತಮಿಳಿಗೂ ಬರೆಯುವ ಕೈಗಳು ಬೇರೆ ಬೇಕಾದಷ್ಟಿದ್ದವು. 2011ರ ಜನಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ತಮ್ಮ ಮಾತೆಂದು ಬರೆಸಿದ ತುಳು, 1992ರಲ್ಲಿ ಕೊಂಕಣಿಗೆ ದಕ್ಕಿದ, ಸಂವಿಧಾನ ಮಾನ್ಯ ಮಾಡಿದ ಭಾಷೆಗಳ ಪಟ್ಟಿಯಾದ ಎಂಟನೆಯ ಅನುಸೂಚಿಗೆ ಇನ್ನೂ ಸೇರಿಲ್ಲ.

ನಮ್ಮ ಕಾಲದಲ್ಲಿ ಬರವಣಿಗೆಯೆಂದರೆ ಕನ್ನಡವೇ ಆಗಿತ್ತು. ಈ ಪತ್ರವನ್ನೇ ನೋಡು, ನೀನು ಎದುರಿಗಿದ್ದರೆ ಇದರ ಒಂದು ವಾಕ್ಯವನ್ನೂ ನಾನು ಹೀಗೆ ಆಡುತ್ತಿರಲಿಲ್ಲ. ನನ್ನ ಅಮ್ಮ, ಅಂದರೆ ನಿನ್ನ ಅಜ್ಜಿ, ಭತ್ತದ ನೇಜಿ ನೆಡುತ್ತ ಸಿರಿ ಎಂಬ ಹೆಣ್ಣಿನ ಪಾಡ್ದನವನ್ನು, ತುಳುವಿನ ಆ ಕಥನ ಹಾಡನ್ನು, ಹೇಳುತ್ತಿದ್ದಾಗ, ಗದ್ದೆಯ ಬದುವಿನಲ್ಲಿ ಕುಳಿತು ಕನ್ನಡ ಪದ್ಯ ಬಾಯಿಪಾಠ ಮಾಡುತ್ತಿದ್ದ ನನಗೆ ಅದೂ ಕಾವ್ಯವೆಂದು ಯಾರೂ ಹೇಳಲಿಲ್ಲ. ಅದೇ ಸಿರಿಯ ಕಥೆಯನ್ನು ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರು ಹಾಡಿದ್ದನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ, ನಮ್ಮ ವಿದ್ವಾಂಸರಾದ ವಿವೇಕ ರೈ ಮತ್ತು ಚಿನ್ನಪ್ಪ ಗೌಡರೊಂದಿಗೆ ದಾಖಲಿಸಿ 1998ರಲ್ಲಿ ಪ್ರಕಟಿಸಿದರು. ಹದಿನೈದು ಸಾವಿರಕ್ಕೂ ಮಿಕ್ಕಿದ ಸಾಲುಗಳು. ಸಂತೋಷಪಟ್ಟೆ, ಆದರೆ ಅಮ್ಮನ ಧಾಟಿ ಅದರಲ್ಲಿರಲು ಸಾಧ್ಯವಿರಲಿಲ್ಲ. ಈಗ ಹೇಳಿಸಿದರೆ ಅರ್ಧಕ್ಕೆ ನಿಲ್ಲಿಸಿ, ಮುಂದಿನದು ಮರೆತಿದೆ ಎನ್ನುತ್ತಾರೆ.

ಆದ್ದರಿಂದ ಕಸಿದುಕೊಳ್ಳುವ ನಿನ್ನ ಭಯ ನನಗೆ ಅರ್ಥವಾಗುತ್ತದೆಯಾದರೂ, ಅಮ್ಮನಿಂದ ಹೋದದ್ದರಲ್ಲಿ ಹೆಚ್ಚಿನದು ಯಾರೂ ಏನನ್ನೂ ಬರೆಯದೆ ಇದ್ದುದರಿಂದಲೇ ಹೋಯಿತೆಂದು ಕಾಣುತ್ತದೆ. ಗದ್ದೆಗೆ ನಾಟಿ ಯಂತ್ರ ಬಂದ ಮೇಲೆ ಹಾಡಲು ಜೊತೆಯೂ ಇಲ್ಲವಾಯಿತು. ಕಥೆ ಬರೆದವನಲ್ಲದ ನಾನು ಹೇಳಬಹುದೋ ಇಲ್ಲವೋ, ಅಜ್ಜಿ ಆಡುವ ಮಾತನ್ನಾದರೂ ಕನ್ನಡ ಲಿಪಿಯಲ್ಲಿ ತುಳುವಾಗಿಯೇ ಬಿಡಬಾರದೇ? ಘಟ್ಟದ ಮೇಲಿನ ಓದುಗರು ಒಂದೆರಡು ಕಡೆ ಎಡವಿದರೆ ಎಡವಲಿ. ಫೋನಿನಲ್ಲಿ ಅವರ ದನಿಯನ್ನು ಹಿಡಿದಿಡುವುದಕ್ಕೂ ತಡಮಾಡಬೇಡ.

ರಜೆಗೆ ಬರುವಾಗ ಹಸ್ತಪ್ರತಿಯನ್ನು ತಂದು ಅವರಿಗೆ ತುಳುವಿನಲ್ಲಿ ಓದಿ ಹೇಳು. ಬೇಡವೆಂದ ಭಾಗವನ್ನು ಚರ್ಚೆಯಿಲ್ಲದೆ ತೆಗೆದುಬಿಡು. ಒಪ್ಪುತ್ತಾರೆಂದು ನಾನು ಭರವಸೆ ಕೊಡಲಾರೆ. ಅವರ ಹಟ ನಿನಗೂ ಗೊತ್ತಿದೆ.

ಇಂತು,
ನಿನ್ನ ದೊಡ್ಡಪ್ಪ