ಪುಟ್ಟ ಮಕ್ಕಳ ಹೊರಾಂಗಣ ಆಟಕ್ಕೆ ನೀರು, ಮಣ್ಣು, ನೆರಳು ಸಾಕು

ಮಾನ್ಯ ಸಂಪಾದಕರೇ,

ಶಾಲೆಗಳಿಗೆ ರಜೆ ಹತ್ತಿರವಾಗುತ್ತಿದ್ದಂತೆ ಪತ್ರಿಕೆಗಳ ಪುರವಣಿಗಳಲ್ಲಿ ಪುಟ್ಟ ಮಕ್ಕಳನ್ನು ಮನೆಯಲ್ಲಿ ಹೇಗೆ ಆಡಿಸಬೇಕು ಎಂಬ ಲೇಖನಗಳು ಕಾಣಿಸಿಕೊಳ್ಳುತ್ತವೆ. ಅವುಗಳಲ್ಲಿ ಬಹುಪಾಲು ಕೋಣೆಯೊಳಗೆ ಕುಳಿತು ಮಾಡುವ ಕರಕುಶಲ ಕೆಲಸಗಳನ್ನೋ ಅಂಗಡಿಯಿಂದ ತರಬೇಕಾದ ಆಟಿಕೆಗಳನ್ನೋ ಕುರಿತವು. ಎರಡರಿಂದ ಆರು ವರ್ಷದ ಮಗುವಿಗೆ ಅದಕ್ಕಿಂತ ಮೊದಲು ಬೇಕಾಗಿರುವುದು ಅಂಗಳವೋ ಹಿತ್ತಲೋ, ಅವೆರಡೂ ಇಲ್ಲದ ಮನೆಯಲ್ಲಿ ಭದ್ರವಾದ ತಡೆಗೋಡೆಯಿರುವ ತಾರಸಿಯೋ, ಅಂತೂ ಗಾಳಿ ಬೆಳಕಿನ ಒಂದಿಷ್ಟು ಜಾಗ, ಮತ್ತು ಪಕ್ಕದಲ್ಲಿ ಅವಸರಪಡಿಸದ ಒಬ್ಬ ಹಿರಿಯರು. ಈ ಮಾತನ್ನು ತಮ್ಮ ಪತ್ರಿಕೆಯ ಮೂಲಕ ಇತರ ಪೋಷಕರೊಂದಿಗೆ ಹಂಚಿಕೊಳ್ಳಲು ಬಯಸುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆಯು ಐದು ವರ್ಷದೊಳಗಿನ ಮಕ್ಕಳಿಗಾಗಿ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಮೂರು ಮತ್ತು ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ದೇಹಕ್ಕೆ ಚಲನೆ ಕೊಡುವ ಚಟುವಟಿಕೆಗಳಲ್ಲಿ ತೊಡಗಿರಬೇಕು, ಅದರಲ್ಲಿ 60 ನಿಮಿಷವಾದರೂ ಏದುಸಿರು ಬರುವಂಥ ಓಡಾಟವಿರಬೇಕು. ಎರಡರಿಂದ ನಾಲ್ಕು ವರ್ಷದವರು ಪರದೆಯ ಮುಂದೆ ಕೂರುವ ಹೊತ್ತು ದಿನಕ್ಕೆ ಒಂದು ಗಂಟೆ ಮೀರಬಾರದು ಎಂದೂ ಅದು ಹೇಳುತ್ತದೆ. ಮೂರು ಗಂಟೆ ಎಂದೊಡನೆ ಕೆಲಸಕ್ಕೆ ಹೋಗುವ ತಂದೆತಾಯಿಯರು ಗಾಬರಿಯಾಗಬೇಕಿಲ್ಲ. ದಿನವಿಡೀ ಹಂಚಿಹೋದ ಸಣ್ಣ ಸಣ್ಣ ಹೊತ್ತುಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಹೊರಗಿನ ಬೆಳಕಿನಿಂದ ಕಣ್ಣಿಗೂ ಉಪಕಾರವಿದೆ. ಹಗಲಿನಲ್ಲಿ ಹೊರಗೆ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಕಾಣಿಸಿಕೊಳ್ಳುವ ಸಾಧ್ಯತೆ ಕಡಿಮೆ ಎಂಬುದನ್ನು ಹಲವು ಅಧ್ಯಯನಗಳು ತೋರಿಸಿವೆ. ಮರದ ನೆರಳಿನಲ್ಲಿ ಕೂತರೂ ಅಲ್ಲಿರುವ ಬೆಳಕು ಕೋಣೆಯ ದೀಪದ ಬೆಳಕಿಗಿಂತ ಹಲವು ಪಟ್ಟು ಹೆಚ್ಚು.

ನಾನು ಎಲ್ಲಕ್ಕಿಂತ ಮೊದಲು ಹೇಳುವ ಆಟವೆಂದರೆ ನೀರಿನಲ್ಲಿ ಬಣ್ಣ ಬಳಿಯುವುದು. ಒಂದು ಬಟ್ಟಲು ನೀರು ಮತ್ತು ಗೋಡೆಗೆ ಸುಣ್ಣಬಣ್ಣ ಬಳಿಯುವ ಅಗಲವಾದ ಹಳೆಯ ಕುಂಚ ಇಷ್ಟನ್ನೇ ಮಗುವಿನ ಕೈಗೆ ಕೊಟ್ಟು, ಸಿಮೆಂಟಿನ ನೆಲವನ್ನೋ ಹೊರಗೋಡೆಯನ್ನೋ ತೋರಿಸಿದರೆ ಸಾಕು. ಒದ್ದೆಯಾದ ಕಡೆ ಸಿಮೆಂಟು ಕಪ್ಪಾಗುತ್ತದೆ, ಗೆರೆ ಮೂಡುತ್ತದೆ, ಮಗು ಇಡೀ ತೋಳನ್ನು ಬೀಸಿ ಬಳಿಯುತ್ತದೆ. ಅಷ್ಟರಲ್ಲಿ ಮೊದಲು ಬರೆದ ಚಿತ್ರದ ಅಂಚು ತೆಳುವಾಗುತ್ತಾ ಒಳಕ್ಕೆ ಸರಿದು, ನೋಡನೋಡುತ್ತಿದ್ದಂತೆ ಚಿತ್ರವೇ ಇಲ್ಲವಾಗುತ್ತದೆ. ‘ಎಲ್ಲಿ ಹೋಯಿತು?’ ಎಂದು ಮಗು ಕೇಳಿದಾಗ ಆವಿಯ ಪಾಠ ಹೇಳಲು ಹೊರಡಬಾರದು. ಬಿಸಿಲಿನಲ್ಲಿ ಒಂದು, ನೆರಳಿನಲ್ಲಿ ಒಂದು ಚಿತ್ರ ಬರೆದು ಯಾವುದು ಮೊದಲು ಮಾಯವಾಗುತ್ತದೆ ನೋಡೋಣ ಎಂದರೆ, ಉತ್ತರವನ್ನು ಅದು ತಾನೇ ಹುಡುಕಿಕೊಳ್ಳುತ್ತದೆ.

ನೆರಳಿನ ಆಟವೂ ಇಂಥದ್ದೇ. ಬೆಳಿಗ್ಗೆ ಮಗುವನ್ನು ಒಂದು ಗುರುತಿನ ಮೇಲೆ ನಿಲ್ಲಿಸಿ ಅದರ ನೆರಳಿನ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯಬೇಕು, ಮಧ್ಯಾಹ್ನ ಮತ್ತು ಸಂಜೆ ಅದೇ ಗುರುತಿನ ಮೇಲೆ ಮತ್ತೆ ನಿಲ್ಲಿಸಬೇಕು. ನೆರಳು ಗಿಡ್ಡವಾಗಿ ಆಮೇಲೆ ಇನ್ನೊಂದು ಕಡೆಗೆ ಉದ್ದವಾಗುವುದನ್ನು ಕಂಡ ಮಗು ಸೂರ್ಯನ ಕಡೆಗೆ ಗಮನ ಕೊಡಲು ಶುರುಮಾಡುತ್ತದೆ. ಸೂರ್ಯನನ್ನು ನೇರವಾಗಿ ದಿಟ್ಟಿಸಬಾರದು ಎಂಬುದನ್ನು ಆಗಲೇ ಹೇಳಿಕೊಡಬೇಕು.

ಮಣ್ಣಿನ ವಿಷಯದಲ್ಲಿ ಬಟ್ಟೆ ಕೊಳೆಯಾಗುತ್ತದೆ ಎಂಬ ಆಕ್ಷೇಪವೇ ದೊಡ್ಡದು. ಅದಕ್ಕೆಂದೇ ಒಂದು ಜೊತೆ ಹಳೆಯ ಬಟ್ಟೆ ತೆಗೆದಿಟ್ಟು, ಆಟ ಮುಗಿದೊಡನೆ ಸೋಪಿನಿಂದ ಕೈ ತೊಳೆಸಿದರೆ ಆ ಚಿಂತೆ ಬಹುಮಟ್ಟಿಗೆ ಕಳೆಯುತ್ತದೆ. ಒಣ ಮರಳು ಕೈಯಲ್ಲಿ ನಿಲ್ಲುವುದಿಲ್ಲ, ಸ್ವಲ್ಪ ತೇವವಾದದ್ದು ಗುಡ್ಡೆಯಾಗಿ ನಿಲ್ಲುತ್ತದೆ, ನೀರು ಹೆಚ್ಚಾದರೆ ಕುಸಿಯುತ್ತದೆ ಎಂಬುದನ್ನು ಅಂಗೈಯಿಂದಲೇ ಕಲಿಯುವ ಅವಕಾಶ ಬೇರೆಲ್ಲೂ ಇಲ್ಲ. ಓಡಾಟಕ್ಕಾದರೆ ನೆಲದ ಮೇಲೆ ಬರೆದ ವೃತ್ತದಿಂದ ವೃತ್ತಕ್ಕೆ ನೆಗೆಯುವುದು, ಡೊಂಕು ಗೆರೆಯ ಮೇಲೆ ಹೆಜ್ಜೆ ತಪ್ಪದೆ ನಡೆಯುವುದು, ‘ನಿಲ್ಲು’ ಎಂದೊಡನೆ ಓಡುತ್ತಿದ್ದವರೆಲ್ಲ ಅಲುಗಾಡದೆ ನಿಲ್ಲುವುದು, ಇವೆಲ್ಲ ಇದ್ದೇ ಇವೆ.

ಇವುಗಳನ್ನು ಕೆಡಿಸುವವರು ಹೆಚ್ಚಾಗಿ ನಾವು ಹಿರಿಯರೇ. ಮಗು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರು ಸುರಿಯುವುದನ್ನೇ ಮತ್ತೆ ಮತ್ತೆ ಮಾಡುತ್ತಿದ್ದರೆ ‘ಸಾಕು, ಈಗ ಬೇರೆ ಆಟ ಆಡು’ ಎನ್ನುತ್ತೇವೆ. ಆ ಪುನರಾವರ್ತನೆಯಲ್ಲಿಯೇ ಕೈ ಮತ್ತು ಕಣ್ಣಿನ ಹೊಂದಾಣಿಕೆ ಬೆಳೆಯುತ್ತದೆ ಎಂಬುದನ್ನು ಮರೆಯುತ್ತೇವೆ. ಹಾಗೆಯೇ ಎರಡು ವರ್ಷದ ಇಬ್ಬರು ಮಕ್ಕಳು ಒಬ್ಬರನ್ನೊಬ್ಬರು ಮಾತನಾಡಿಸದೆ ಅಕ್ಕಪಕ್ಕ ಕುಳಿತು ಆಡುತ್ತಿದ್ದರೆ ಬೇಸರಪಡಬೇಕಾಗಿಲ್ಲ. ಅಮೆರಿಕದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ ಪುಟ್ಟ ಮಕ್ಕಳ ಆಟವನ್ನು ಗಮನಿಸಿ 1932ರಲ್ಲಿಯೇ ವಿವರಿಸಿದಂತೆ, ಹೀಗೆ ಪಕ್ಕಪಕ್ಕದಲ್ಲಿ ಆಡುವುದು ಕೂಡಿ ಆಡುವುದಕ್ಕೆ ಮುಂಚಿನ ಸಹಜ ರೀತಿ. ಆ ವಯಸ್ಸಿನವರಿಗೆ ಹಂಚಿಕೊಳ್ಳುವ ಉಪದೇಶಕ್ಕಿಂತ ಒಂದೇ ಬಗೆಯ ಎರಡು ಬಟ್ಟಲು ಕೊಡುವುದು ಹೆಚ್ಚು ಉಪಯುಕ್ತ.

ಮಧ್ಯೆ ಪ್ರವೇಶಿಸಬಾರದು ಎಂದರೆ ಕಣ್ಣಿನಿಂದ ಮರೆಯಾಗಲು ಬಿಡಬೇಕು ಎಂದಲ್ಲ. ಕೆಲವೇ ಅಂಗುಲ ನೀರಿನಲ್ಲಿಯೂ ಪುಟ್ಟ ಮಗು ಸದ್ದಿಲ್ಲದೆ ಮುಳುಗಬಲ್ಲದು. ಆದ್ದರಿಂದ ನೀರಿನಾಟದಲ್ಲಿ ಹಿರಿಯರು ಕೈಗೆಟುಕುವಷ್ಟು ಹತ್ತಿರವಿರಬೇಕು ಮತ್ತು ಆಟ ಮುಗಿದ ಕೂಡಲೇ ಬಕೆಟ್ಟನ್ನು ಬರಿದುಮಾಡಿ ಬೋರಲು ಹಾಕಬೇಕು. ಮೂರು ವರ್ಷದೊಳಗಿನವರು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವುದರಿಂದ ಸಣ್ಣ ಕಲ್ಲು, ಬೀಜ, ಗೋಲಿಗಳನ್ನು ದೂರವಿಡಬೇಕು. ತಾರಸಿಯಲ್ಲಿ ತಡೆಗೋಡೆಯ ಬಳಿ ಹತ್ತಿ ನಿಲ್ಲಬಹುದಾದ ಕುರ್ಚಿ, ಹೂಕುಂಡ, ಡಬ್ಬಿಗಳು ಇರಲೇಬಾರದು. ನಡುಮಧ್ಯಾಹ್ನದ ಸುಡುಬಿಸಿಲನ್ನು ತಪ್ಪಿಸಿ ಬೆಳಗಿನ ಮತ್ತು ಸಂಜೆಯ ಹೊತ್ತನ್ನು ಆರಿಸಿಕೊಳ್ಳುವುದು ಮೇಲು. ನೆರಳಿನ ಆಟಕ್ಕೆ ಮಧ್ಯಾಹ್ನ ಬೇಕಾಗುವುದು ಒಂದೆರಡು ನಿಮಿಷ ಮಾತ್ರ.

ತಮ್ಮಲ್ಲಿ ನನ್ನದೊಂದು ವಿನಂತಿಯಿದೆ. ಮಕ್ಕಳ ಪುಟದಲ್ಲಿ ವಾರಕ್ಕೊಮ್ಮೆ, ಮನೆಯಲ್ಲಿರುವ ವಸ್ತುಗಳಿಂದಲೇ ಹೊರಗೆ ಆಡಬಹುದಾದ ಒಂದು ಆಟವನ್ನು ನಾಲ್ಕಾರು ಸಾಲುಗಳಲ್ಲಿ ಪ್ರಕಟಿಸಿದರೆ ಉಪಕಾರವಾಗುತ್ತದೆ. ಅದು ಯಾವ ವಯಸ್ಸಿನವರಿಗೆ, ಏನು ಬೇಕು, ಯಾವ ಎಚ್ಚರಿಕೆ ವಹಿಸಬೇಕು ಎಂಬ ಮೂರು ವಿವರಗಳಿದ್ದರೆ, ಓದಿದ ದಿನವೇ ಪೋಷಕರು ಮಗುವನ್ನು ಕರೆದುಕೊಂಡು ಹೊರಗೆ ಹೋಗಬಹುದು. ಓದುಗರೂ ತಮಗೆ ತಿಳಿದ ಆಟಗಳನ್ನು ಬರೆದು ಕಳುಹಿಸುವಂತೆ ತಾವು ಆಹ್ವಾನಿಸಬೇಕೆಂದು ಕೋರುತ್ತೇನೆ.

ಇತಿ,
ತಮ್ಮ ಪತ್ರಿಕೆಯ ಓದುಗರು