ಫೆಬ್ರವರಿಯಲ್ಲಿ ಮಣ್ಣಾದ ಮಗು

ಆತ್ಮೀಯ ಸದಸ್ಯರೇ,

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ನಮ್ಮ ಯಜಮಾನರು ತರ್ಪಣ ಮುಗಿಸಿ ಏಳುತ್ತಿದ್ದಂತೆ, ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಗಮನಿಸುತ್ತಿದ್ದ ನನ್ನ ಒಂಬತ್ತು ವರ್ಷದ ಮಗ, "ಅಮ್ಮ, ತಾತನ ಕಡೆಯವರದು ಮೂರೇ ಹೆಸರು ಹೇಳಿದರಲ್ಲ, ಅದರಾಚೆಗೆ ನಮಗೆ ಯಾರೂ ಇರಲಿಲ್ಲವೇ?" ಎಂದು ಕೇಳಿದ. ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿಯ ಗೋಡೆಯ ಮೇಲೆ ಹತ್ತು ತಲೆಮಾರುಗಳ ವಂಶವೃಕ್ಷ ತೂಗುವುದನ್ನು ಅವನು ದಿನವೂ ನೋಡುತ್ತಾನೆ. ಆ ವೃಕ್ಷದ ಕೆಳಗಿನ ಬೇರುಗಳನ್ನು ಹುಡುಕುವಾಗ ಅಜ್ಜಿಯ ಜೊತೆ ನಾನೂ ಇದ್ದೆ. ಈ ಸಂಚಿಕೆ ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕಾಗಿದ್ದು, ಮಗನಿಗೆ ಕೊಡಲಾಗದ ಉತ್ತರವನ್ನು ನಿಮ್ಮ ಮುಂದಿಟ್ಟು ಬರೆಯುತ್ತಿದ್ದೇನೆ.

ಅಜ್ಜಿಯ ಕಣ್ಣು ಮಂಜಾದ ಮೇಲೆ, ಎರಡು ಚಳಿಗಾಲ ಪ್ರತಿ ಗುರುವಾರ ನಾನು ಅವರೊಡನೆ ಕೌಂಟಿಯ ದಾಖಲೆ ಕಚೇರಿಗೆ ಹೋಗಿ ಅವರ ಪೂರ್ವಜರ ಊರಿನ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ) ರಿಜಿಸ್ಟರುಗಳನ್ನು ಓದಿ ಹೇಳುತ್ತಿದ್ದೆ. ಪ್ರತಿ ಪ್ಯಾರಿಷ್‌ನ ಪಾದ್ರಿಯೂ ದೀಕ್ಷಾಸ್ನಾನ, ಮದುವೆ ಮತ್ತು ಶವಸಂಸ್ಕಾರಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕೆಂದು ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಆಜ್ಞೆ ಹೊರಡಿಸಿದ್ದ. ಮೊದಲಿನ ಕಾಗದದ ಪುಸ್ತಕಗಳು ಹಾಳಾಗುತ್ತಿದ್ದುದರಿಂದ, ಅವುಗಳನ್ನು ಚರ್ಮಪತ್ರಕ್ಕೆ ನಕಲು ಮಾಡಬೇಕೆಂದೂ, ವಿಶೇಷವಾಗಿ ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದ 1558ರಿಂದೀಚಿನದನ್ನು ಬಿಡಬಾರದೆಂದೂ 1598ರಲ್ಲಿ ಆದೇಶವಾಯಿತು. ಎಷ್ಟೋ ಊರುಗಳ ಪುಸ್ತಕ 1558ರಿಂದಲೇ ಶುರುವಾಗುವುದು ಇದರಿಂದ.

ಈ ಪುಸ್ತಕಗಳನ್ನು ತೆರೆಯುವವರು ಮೊದಲು ತಿಳಿಯಬೇಕಾದದ್ದು, ಅಲ್ಲಿರುವುದು ಪ್ರಾಣ ಹೋದ ದಿನವಲ್ಲ, ಮಣ್ಣು ಮಾಡಿದ ದಿನ. ತಿಥಿ ತಪ್ಪಿದರೆ ಶ್ರಾದ್ಧವೇ ತಪ್ಪಿತು ಎನ್ನುವ ಮನೆಯಲ್ಲಿ ಬೆಳೆದ ನನಗೆ ಇದನ್ನು ಒಪ್ಪಿಕೊಳ್ಳಲು ಬಹಳ ಕಾಲ ಬೇಕಾಯಿತು. ಅಕ್ಷರಗಳಂತೂ ಇನ್ನೊಂದು ಪರೀಕ್ಷೆ. ಉದ್ದನೆಯ ಎಸ್ ಅಕ್ಷರ ಎಫ್‌ನಂತೆ ಕಾಣುತ್ತದೆ. 'ಸೆಪುಲ್ಟಸ್', 'ಸೆಪುಲ್ಟಾ' ಎಂಬ ಲ್ಯಾಟಿನ್ ಪದಗಳನ್ನು ಕಂಡರೆ ಹೂಳಲ್ಪಟ್ಟವರು ಗಂಡೋ ಹೆಣ್ಣೋ ಎಂಬುದು ತಿಳಿಯುತ್ತದೆ. 7ರ ಅಂಕಿಯ ಮುಂದೆ 'ಬರ್' ಎಂದಿದ್ದರೆ ಅದು ಸೆಪ್ಟೆಂಬರ್, ಜುಲೈ ಅಲ್ಲ.

ಒಂದು ಗುರುವಾರದ ನೆನಪನ್ನು ಮಾತ್ರ ವಿವರವಾಗಿ ಹೇಳಬೇಕು. ಅಜ್ಜಿಯ ವಂಶದ ಒಬ್ಬ ನೇಕಾರನ ಮಗುವಿಗೆ 1724ರ ಏಪ್ರಿಲ್‌ನಲ್ಲಿ ದೀಕ್ಷಾಸ್ನಾನವಾಗಿತ್ತು. ಅದೇ ಹೆಸರಿನ, ಅದೇ ತಂದೆಯ ಮಗುವನ್ನು 1724ರ ಫೆಬ್ರವರಿಯಲ್ಲಿ ಹೂಳಿದ ದಾಖಲೆಯೂ ಇತ್ತು. ಹುಟ್ಟುವ ಮೊದಲೇ ಸಾಯುವುದು ಸಾಧ್ಯವಿಲ್ಲವೆಂದು, ಇದು ಹಿಂದೆ ತೀರಿಕೊಂಡ ಬೇರೊಂದು ಮಗುವಿರಬೇಕೆಂದು ಅಜ್ಜಿ ವರ್ಷಗಳ ಹಿಂದೆಯೇ ಗುರುತು ಹಾಕಿಟ್ಟಿದ್ದರು. ನಾನು ಆ ಎರಡು ಸಾಲುಗಳನ್ನು ನೋಡುತ್ತಿದ್ದಂತೆ ನನಗೆ ನಮ್ಮ ಅಜ್ಜಿಯ ದನಿ ಕೇಳಿಸಿತು. ಅವರಿಗೆ ನಮ್ಮ ತಂದೆಗಿಂತ ಮೊದಲು ಒಂದು ಹೆಣ್ಣುಮಗುವಾಗಿತ್ತು. ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಾ, ಯಾರೂ ಕೇಳದಿದ್ದರೂ, "ಬಹುಧಾನ್ಯದ ಯುಗಾದಿ ಕಳೆದು ವಾರಕ್ಕೆ ಹುಟ್ಟಿತು, ಅದೇ ಬಹುಧಾನ್ಯದ ಮಾಘದಲ್ಲಿ ಹೋಯಿತು" ಎಂದು ಹೇಳಿ ಸುಮ್ಮನಾಗುತ್ತಿದ್ದರು. ಇಂಗ್ಲಿಷ್ ಲೆಕ್ಕದಲ್ಲಿ ಅದು 1938ರ ಏಪ್ರಿಲ್ ಮತ್ತು 1939ರ ಫೆಬ್ರವರಿ. ಅವರ ಲೆಕ್ಕದಲ್ಲಿ ಮಾತ್ರ ಒಂದೇ ಸಂವತ್ಸರ. ಇಂಗ್ಲೆಂಡಿನಲ್ಲಿಯೂ 1752ಕ್ಕೆ ಮೊದಲು ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ, ಹೆಚ್ಚುಕಡಿಮೆ ನಮ್ಮ ಯುಗಾದಿಯ ಹೊತ್ತಿಗೆ. ಹಾಗಾಗಿ ಅಲ್ಲಿನ ಫೆಬ್ರವರಿಯೂ ನಮ್ಮ ಮಾಘ, ಫಾಲ್ಗುಣಗಳಂತೆ ವರ್ಷದ ಕೊನೆಗೆ ಬರುತ್ತಿತ್ತು. ಆ ಪಾದ್ರಿ ಬರೆದ 1724ರ ಫೆಬ್ರವರಿ ನಮಗೆ 1725ರ ಫೆಬ್ರವರಿ. ಎರಡೂ ಸಾಲುಗಳು ಒಂದೇ ಮಗುವಿನವು, ಅದು ಹತ್ತು ತಿಂಗಳು ಬದುಕಿತ್ತು.

ಇದನ್ನು ಹೇಳಿದಾಗ ಅಜ್ಜಿ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ತಮ್ಮ ಹಳೆಯ ಗುರುತನ್ನು ಅಳಿಸಿ, ಎರಡು ದಿನಾಂಕಗಳನ್ನೂ ಒಂದೇ ಹೆಸರಿನ ಕೆಳಗೆ ತಾವೇ ಬರೆದರು. ಕೆಲವು ಪಾದ್ರಿಗಳು ಗೊಂದಲವಾಗದಿರಲೆಂದು 1724/5 ಎಂದು ಎರಡೂ ವರ್ಷ ಬರೆಯುತ್ತಿದ್ದರು, ಇವರು ಬರೆದಿರಲಿಲ್ಲ. ಈ ಪದ್ಧತಿಯನ್ನು ಬದಲಾಯಿಸಿದಾಗ 1751ನೆಯ ವರ್ಷ ಮಾರ್ಚ್ 25ಕ್ಕೆ ಶುರುವಾಗಿ ಡಿಸೆಂಬರ್ 31ಕ್ಕೇ ಮುಗಿದುದರಿಂದ, ಆ ವರ್ಷಕ್ಕೆ ಜನವರಿ, ಫೆಬ್ರವರಿಗಳೇ ಇಲ್ಲ.

ಹೆಸರಿನ ಪಕ್ಕದ ಸಣ್ಣ ಟಿಪ್ಪಣಿಗಳನ್ನೂ ಬಿಡಬಾರದು. ದೇಶದ ಉಣ್ಣೆ ವ್ಯಾಪಾರವನ್ನು ಬೆಳೆಸಲೆಂದು 1678ರ ಕಾನೂನು ಶವಕ್ಕೆ ಉಣ್ಣೆಯ ಬಟ್ಟೆಯನ್ನೇ ಸುತ್ತಬೇಕೆಂದು ವಿಧಿಸಿತ್ತು. ಎಂಟು ದಿನಗಳೊಳಗೆ ಅದಕ್ಕೆ ಪ್ರಮಾಣಪತ್ರ ಕೊಡಬೇಕು, ತಪ್ಪಿದರೆ ಐದು ಪೌಂಡ್ ದಂಡ. ರಿಜಿಸ್ಟರಿನಲ್ಲಿ ಕಾಣುವ 'ಅಫಿಡವಿಟ್' ಎಂಬ ಪದದ ಅರ್ಥ ಇಷ್ಟೇ, ಯಾವುದೇ ಮೊಕದ್ದಮೆಯಲ್ಲ. 1783ರಿಂದ 1794ರವರೆಗೆ ಪ್ರತಿ ದಾಖಲೆಗೂ ಮೂರು ಪೆನ್ಸ್ ತೆರಿಗೆಯಿತ್ತು, ನಿರ್ಗತಿಕರಿಗೆ ವಿನಾಯಿತಿಯಿತ್ತು. ಆ ವರ್ಷಗಳಲ್ಲಿ ಹೆಸರಿನ ಮುಂದೆ 'ಪಿ' ಅಕ್ಷರವಿದ್ದರೆ ಅದು ನಿರ್ಗತಿಕರ ಗುರುತು. ಕರುಣೆಯುಳ್ಳ ಪಾದ್ರಿಗಳು ಬರೀ ಬಡವರಾದವರಿಗೂ ಅದನ್ನು ಬರೆದದ್ದುಂಟಾದ್ದರಿಂದ, ಆ ಒಂದು ಅಕ್ಷರ ನೋಡಿ ಇಡೀ ಕುಟುಂಬದ ಸ್ಥಿತಿಯನ್ನು ತೀರ್ಮಾನಿಸಬಾರದು. 1813ರಿಂದ ಅಚ್ಚಾದ ನಮೂನೆ ಬಂದು ಹೆಸರು, ವಾಸಸ್ಥಳ, ದಿನಾಂಕ, ವಯಸ್ಸು, ಪಾದ್ರಿಯ ಸಹಿ ಎಲ್ಲಕ್ಕೂ ಅಂಕಣಗಳಾದವು. ವಯಸ್ಸು ಸಿಕ್ಕಿತು, ಆದರೆ 'ಇಂಥವರ ಮಗ', 'ಇಂಥವರ ವಿಧವೆ' ಎಂದು ಬರೆಯಲು ಅಂಕಣವಿರಲಿಲ್ಲ. ನನ್ನ ಮಟ್ಟಿಗೆ ಅದು ದೊಡ್ಡ ನಷ್ಟ.

ನಮ್ಮವರನ್ನು ಈ ಪುಸ್ತಕಗಳಲ್ಲಿ ಹುಡುಕಬಹುದೇ ಎಂದು ಕೆಲವರು ಕೇಳಿದ್ದಾರೆ. 1852ರಲ್ಲಿ ಮಗಳು ಗೌರಮ್ಮನೊಡನೆ ಇಲ್ಲಿಗೆ ಬಂದ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡು ಕೆನ್ಸಲ್ ಗ್ರೀನ್‌ನಲ್ಲಿ ಮಣ್ಣಾದ. ಗೌರಮ್ಮ 1864ರಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲೇ, ಬ್ರಾಂಪ್ಟನ್‌ನಲ್ಲಿ. ಅಷ್ಟು ಹೊತ್ತಿಗೆ ಲಂಡನ್ನಿನ ಚರ್ಚುಗಳ ಅಂಗಳಗಳು ತುಂಬಿ ಮುಚ್ಚುತ್ತಿದ್ದವು. ಇವೆರಡೂ ಪ್ಯಾರಿಷ್‌ನ ಹೊರಗಿನ ಹೊಸ ಸ್ಮಶಾನಗಳು. ಅವರು ವಾಸವಿದ್ದ ಪ್ಯಾರಿಷ್‌ನ ರಿಜಿಸ್ಟರನ್ನು ತಿರುವಿದರೆ ಸಾಲದು, ಆಯಾ ಸ್ಮಶಾನದ ಪುಸ್ತಕವನ್ನೇ ನೋಡಬೇಕು.

ಮಗನಿಗೆ ನಾನು ಹೆಳವರ ವಿಷಯ ಹೇಳಿದೆ. ಎತ್ತಿನ ಮೇಲೆ ಊರೂರಿಗೆ ಬಂದು ಮನೆಯ ವಂಶಾವಳಿಯನ್ನು ತಲೆಮಾರು ತಪ್ಪದೆ ಹೇಳುವವರು ಉತ್ತರ ಕರ್ನಾಟಕದಲ್ಲಿದ್ದಾರೆ ಎಂದಾಗ, "ಹಾಗಾದರೆ ಅವರು ಇಲ್ಲಿಗೆ ಬರುತ್ತಾರಾ?" ಎಂದ.

ಸೂಚನೆಗಳು ಅವಸರದಲ್ಲಿ: ಗೊಂಬೆ ಕೂರಿಸುವವರು ತಮ್ಮ ಮನೆಗೆ ಬರಬಹುದಾದ ದಿನವನ್ನು ಕಾರ್ಯದರ್ಶಿಗಳಿಗೆ ತಿಳಿಸಿ. ರಾಜ್ಯೋತ್ಸವ ನವೆಂಬರಿನ ಎರಡನೆಯ ಶನಿವಾರ; ಮಕ್ಕಳ ನಾಟಕಕ್ಕೆ ಇನ್ನೂ ಇಬ್ಬರು ಬೇಕು; ಊಟಕ್ಕೆ ಹೆಸರು ಕೊಡಲು ಅಕ್ಟೋಬರ್ ಕೊನೆಯ ದಿನ. ಭಾನುವಾರದ ಕನ್ನಡ ತರಗತಿ ದೀಪಾವಳಿಯಂದು ಇರುವುದಿಲ್ಲ.

ಇನ್ನೊಂದು ವಿನಂತಿಯಿದೆ. ನಮ್ಮ ಸಂಘವನ್ನು ಕಟ್ಟಿದ ಹಿರಿಯರಲ್ಲಿ ಹಲವರು ಈ ನೆಲದಲ್ಲೇ ತೀರಿಕೊಂಡಿದ್ದಾರೆ, ಅವರ ಪಟ್ಟಿ ನಮ್ಮಲ್ಲಿಲ್ಲ. ಒಂದು ದಪ್ಪ ನೋಟುಪುಸ್ತಕ ತಂದಿಟ್ಟಿದ್ದೇನೆ. ಸಂಪಾದನೆಯ ಜೊತೆಗೆ ಇದನ್ನೂ ಒಬ್ಬಳೇ ಮಾಡಲು ನನ್ನಿಂದಾಗುತ್ತಿಲ್ಲ. ಚೆನ್ನಾಗಿ ಬರೆಯುವ ಇಬ್ಬರು ತಿಂಗಳಿಗೆ ಒಂದು ಸಂಜೆ ಬಂದರೆ ಸಾಕು. ನಿಮ್ಮ ಮನೆಯ ಹಿರಿಯರ ಹೆಸರು, ಹುಟ್ಟಿದ ಊರು, ತಂದೆತಾಯಿಯ ಹೆಸರು, ತೀರಿಕೊಂಡ ದಿನ, ಸಂಸ್ಕಾರವಾದ ಸ್ಥಳ ಇವಿಷ್ಟನ್ನು ಕಳುಹಿಸಿ. ಇಂಗ್ಲಿಷ್ ತಾರೀಖು ನೆನಪಿಲ್ಲದಿದ್ದರೆ ಸಂವತ್ಸರ, ಮಾಸ, ತಿಥಿಯನ್ನೇ ಬರೆಯಿರಿ, ಲೆಕ್ಕವನ್ನು ನಾನು ಹಾಕಿಕೊಳ್ಳುತ್ತೇನೆ.

ಸಂಪಾದಕಿ