ರಘು ಕೈಲಿ ಕಳಿಸಿದ ಕಾಗದ

ಅಮ್ಮಾ,

ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ. ಪುಟ್ಟಿಗೆ ಮುಂದಿನ ಹಲ್ಲು ಬಿತ್ತು. ಇವರ ಮಂಡಿ ನೋವು ಕಮ್ಮಿಯಾಗಿದೆ. ಚಕ್ಲಿ ಎರಡೇ ದಿನದಲ್ಲಿ ಖಾಲಿ.

ಫೋನ್ ಮಾಡದೆ ಕಾಗದ ಯಾಕೆ ಅಂತೀಯಾ? ಫೋನ್ ಬಂದ ತಕ್ಷಣ ನೀನು ಸ್ಪೀಕರ್ ಹಾಕುತ್ತೀಯ, ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ. ರಘು ಇವತ್ತು ರಾತ್ರಿ ವಿಮಾನ ಹತ್ತುತ್ತಾನೆ, ಅವನ ಕೈಲಿ ಕೊಡುತ್ತಿದ್ದೇನೆ. ಓದಿದ ಮೇಲೆ ಅಕ್ಕಿ ಡಬ್ಬದ ತಳಕ್ಕೆ ಹಾಕು. ಅಪ್ಪ ಅಲ್ಲಿಗೆ ಕೈ ಹಾಕುವುದಿಲ್ಲ.

ಚಕ್ಲಿ ಡಬ್ಬದ ಜೊತೆ ನೀನಿಟ್ಟ ಕಾಗದವನ್ನ ನಾಲ್ಕು ಸಲ ಓದಿದೆ. ಅಪ್ಪ ನೋಟುಬುಕ್ಕಿನಲ್ಲಿ ಮನೆ ಸಾಮಾನಿನ ಪಟ್ಟಿ ಮಾಡುತ್ತಿದ್ದಾರೆ, ಒಂದೊಂದರ ಮುಂದೆ ಯಾರಿಗೆ ಅಂತ ಹೆಸರು ಬರೆಯುತ್ತಿದ್ದಾರೆ, ಅವರಿಗೂ ಹೊತ್ತು ಹೋಗುತ್ತದೆ ಅಂತ ಬರೆದಿದ್ದೀಯ. ಅದರ ಕೆಳಗಿನ ಸಾಲಿನಲ್ಲೇ, ಡಾಕ್ಟರ್ ಹತ್ತಿರ ಹೋಗಿದ್ದೆವು, ಬಿಪಿ ಸ್ವಲ್ಪ ಜಾಸ್ತಿ ಅಷ್ಟೆ ಅಂತ. ಬಿಪಿಗೆ ಯಾರಾದರೂ ಪಾತ್ರೆ ಹಂಚುತ್ತಾರಾ ಅಮ್ಮಾ?

ನನಗೆ ಯಾಕೆ ಇಷ್ಟು ಗಾಬರಿ ಅಂತ ತಿಳಿಯಬೇಕಾದರೆ ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ನೀನು ಶಾಂತತ್ತೆಗೆ ‘ಗುಜರಿ ಆಫೀಸು’ ಅಂದಿದ್ದೀಯಂತೆ, ಗೊತ್ತಾಯಿತು. ಗುಜರಿ ಅಲ್ಲ, ಹರಾಜು ಕಂಪನಿ. ಇಲ್ಲಿ ಇಂಗ್ಲೆಂಡಿನಲ್ಲಿ ಯಾರಾದರೂ ತೀರಿಕೊಂಡರೆ, ಅವರ ಆಸ್ತಿ 3,25,000 ಪೌಂಡ್ ದಾಟಿದರೆ, ಮೇಲಿನದಕ್ಕೆ ಸಾಮಾನ್ಯವಾಗಿ 40 ಪರ್ಸೆಂಟ್ ತೆರಿಗೆ. ಅದೂ ಆರು ತಿಂಗಳ ಗಡುವು. ಹಾಗಾಗಿ ತಿಥಿ ಊಟ ಅರಗುವ ಮೊದಲೇ (ಇಲ್ಲಿ ತಿಥಿ ಅಂದರೆ ಸ್ಯಾಂಡ್‌ವಿಚ್) ನಮಗೆ ಫೋನ್ ಬರುತ್ತದೆ.

ಈಗ ಮೂರು ವಾರದಿಂದ ಸಫೋಕ್‌ನ ಒಂದು ಹಳ್ಳಿ ಮನೆಯಲ್ಲಿದ್ದೆ. ರಿಟೈರಾದ ಡಾಕ್ಟರ್ ಒಬ್ಬರದು. ಮಕ್ಕಳಿಲ್ಲ. ಐವತ್ತು ವರ್ಷ ಕೂಡಿಸಿದ್ದೇ ಕೂಡಿಸಿದ್ದು. ಗೋಡೆ ಕಾಣದ ಹಾಗೆ ಚಿತ್ರಗಳು, ಬಚ್ಚಲಲ್ಲೂ ಎರಡು. 14 ಗಡಿಯಾರ, ಒಂದೂ ಓಡುತ್ತಿಲ್ಲ. ಕುರ್ಚಿಗಳಂತೂ ಮದುವೆ ಮನೆ ಹಾಗೆ. ಅಳತೆ ತೆಗೆಯುವುದು, ಎಲ್ಲಿ ಬಿರುಕು, ಎಲ್ಲಿ ಹುಳ ತಿಂದಿದೆ ಅಂತ ಬರೆಯುವುದು, ನಂಬರ್ ಚೀಟಿ ಅಂಟಿಸುವುದು, ಇಷ್ಟು ನನ್ನ ಪಾಲು. ಒಂದೊಂದು ನಂಬರಿಗೆ ಲಾಟ್ ಅನ್ನುತ್ತಾರೆ. 412 ಲಾಟ್ ಆಯಿತು.

ಇದೆಲ್ಲ ಕೋಟಿಗಟ್ಟಲೆ ಬೆಲೆಗೆ ಹೋಗುತ್ತದೆ ಅಂದುಕೊಳ್ಳಬೇಡ. ಕೋಟಿ ಬರುವುದು ಹೆಸರಿಗೆ. 2023ರಲ್ಲಿ ಲಂಡನ್ನಿನ ಸೋಥೆಬಿಸ್ ಅನ್ನುವ ಹರಾಜು ಕಂಪನಿಯಲ್ಲಿ ಫ್ರೆಡ್ಡಿ ಮರ್ಕ್ಯುರಿ ಅನ್ನುವ ಹಾಡುಗಾರನ ಮನೆ ಸಾಮಾನು ಮಾರಿದರು. ಪಾರ್ಸಿ, ಪಂಚಗನಿಯಲ್ಲಿ ಓದಿದವನು, ಸತ್ತಿದ್ದು 1991ರಲ್ಲಿ. ಅವನು ಮೀಸೆ ಬಾಚುತ್ತಿದ್ದ ಒಂದು ಬೆಳ್ಳಿ ಬಾಚಣಿಗೆಗೆ 400ರಿಂದ 600 ಪೌಂಡ್ ಬರಬಹುದು ಅಂತ ಅಂದಾಜು ಹಾಕಿದ್ದರು. ಹೋಗಿದ್ದು 1,52,400 ಪೌಂಡ್‌ಗೆ. ಆಗಿನ ಲೆಕ್ಕಕ್ಕೆ ನಮ್ಮ ದುಡ್ಡಲ್ಲಿ ಒಂದೂವರೆ ಕೋಟಿಗೂ ಜಾಸ್ತಿ. ಅಪ್ಪನಿಗೆ ಇದೊಂದು ಹೇಳು, ಮೀಸೆ ತಿರುವಿಕೊಳ್ಳಲಿ.

ನಮ್ಮ ಡಾಕ್ಟರಿಗೆ ಅಂಥ ಹೆಸರಿಲ್ಲ. ಅವರ ಮಹಾಗನಿ ಬೀರು ಇತ್ತಲ್ಲ, ಏಳು ಅಡಿ ಎತ್ತರ, ನಾಲ್ಕು ಜನ ಹೊರಬೇಕು, 40 ಪೌಂಡ್‌ಗೆ ಹೋಯಿತು. ಕೊಂಡವನಿಗೆ ವ್ಯಾನಿನ ಬಾಡಿಗೆಯೇ ಅದಕ್ಕಿಂತ ಜಾಸ್ತಿ. ಇಂಥದ್ದಕ್ಕೆಲ್ಲ ಇಲ್ಲಿ ‘ಬ್ರೌನ್ ಫರ್ನಿಚರ್’ ಅಂತ ಹೆಸರಿಟ್ಟುಬಿಟ್ಟಿದ್ದಾರೆ. ಈಗಿನವರ ಮನೆ ಸಣ್ಣದು, ಗೋಡೆಯಲ್ಲೇ ಕಪಾಟು, ಯಾರಿಗೂ ಬೇಡ. ಇನ್ನು ಕಮಿಷನ್ ಲೆಕ್ಕ ಕೇಳು. ಸುತ್ತಿಗೆ 1,000 ಪೌಂಡ್‌ಗೆ ಬಿದ್ದರೆ, ಅಂದರೆ ಕೊನೆಯ ಕೂಗು ಅಷ್ಟಕ್ಕೆ ನಿಂತರೆ, ನಮ್ಮಲ್ಲಿ ಕೊಂಡವನು ಕೊಡಬೇಕಾದ್ದು 1,300, ಮಾರಿದವನ ಕೈಗೆ ಬರುವುದು 820. ನಡುವಿನದು ಕಂಪನಿಗೂ ಸರ್ಕಾರಕ್ಕೂ. ನನ್ನ ಸಂಬಳ ಅದರಲ್ಲೇ ಬರುವುದು, ಆದ್ದರಿಂದ ಜಾಸ್ತಿ ಮಾತಾಡಬಾರದು.

ಒಂದು ಖುಷಿ ವಿಷಯ. ಮಹಡಿ ಮೇಲೆ ಒಂದು ಪುಟ್ಟ ಎಂಟು ಮೂಲೆ ಮೇಜಿತ್ತು. ಚೀಟಿಯಲ್ಲಿ ‘ವಿಶಾಖಪಟ್ಟಣ’ ಅಂತ ಬರೆದಿದ್ದರು. ವಿಶಾಖಪಟ್ಟಣದ ಹಳೇ ಕೆಲಸದಲ್ಲಿ ಎಷ್ಟೋ ಸಲ ಮರದ ಮೇಲೆ ದಂತದ ಹಾಳೆಯನ್ನೇ ಹೊದಿಸಿ, ಅದರಲ್ಲಿ ಕೊರೆದು ಕಪ್ಪು ಅರಗು ತುಂಬುತ್ತಿದ್ದರು. ಇದು ಹಾಗಿಲ್ಲ. ಬೀಟೆ ಮರವನ್ನೇ ಕೊರೆದು ದಂತದ ಚೂರು ಕೂರಿಸಿದ್ದು. ಸುತ್ತ ಬಳ್ಳಿ, ನಡುವೆ ಅಂಬಾರಿ ಹೊತ್ತ ಆನೆ. ಉಗುರಲ್ಲಿ ಸವರಿದರೂ ಮರ ಎಲ್ಲಿ ಮುಗಿಯಿತು, ದಂತ ಎಲ್ಲಿ ಶುರುವಾಯಿತು ಅಂತ ತಿಳಿಯುವುದಿಲ್ಲ. ಅರಮನೆಯ ಅಂಬಾವಿಲಾಸದ ಬಾಗಿಲು ನೆನಪಿದೆಯಾ, ದಸರಾಕ್ಕೆ ಹೋದಾಗ ಅಪ್ಪ ಎತ್ತಿ ತೋರಿಸಿದ್ದು? ಅದೇ ಕೈಚಳಕ. ‘ಇದು ನಮ್ಮ ಮೈಸೂರಿನದು’ ಅಂದೆ. ಎಲ್ಲರೂ ತಲೆಯಾಡಿಸಿ ಚೀಟಿ ತಿದ್ದಿದರು. ಆದರೆ 2022ರಿಂದ ಇಲ್ಲಿ ದಂತ ಮಾರಲು ಕಾನೂನು ಬಿಗಿಯಾಗಿದೆ. 1947ಕ್ಕಿಂತ ಹಳೆಯದಾಗಿ, ದಂತ 10 ಪರ್ಸೆಂಟಿಗಿಂತ ಕಮ್ಮಿ ಇದ್ದರೂ ಮಾರುವ ಮೊದಲೇ ಆ ಸಾಮಾನನ್ನ ನೋಂದಾಯಿಸಬೇಕು. ನಮ್ಮವರು ಮರೆತಿದ್ದರು! ಹರಾಜಿನ ದಿನ ಬೆಳಿಗ್ಗೆ ಮೇಜು ವಾಪಸ್ ತೆಗೆದರು. ಸಿಟ್ಟು ಬಂತು, ಒಳಗೊಳಗೇ ಸಮಾಧಾನವೂ ಆಯಿತು.

ಹೇಳಬೇಕಾದದ್ದು ಇದಲ್ಲ. ಆ ಡಾಕ್ಟರದ್ದೂ ಒಂದು ನೋಟುಬುಕ್ಕಿತ್ತು ಅಮ್ಮಾ. ಯಾವ ಸಾಮಾನು, ಯಾವ ವರ್ಷ, ಯಾರ ಹತ್ತಿರ, ಎಷ್ಟಕ್ಕೆ, ಎಲ್ಲ. ನಮ್ಮ ಕಸುಬಿನಲ್ಲಿ ಅಂಥ ಬುಕ್ಕು ಸಿಕ್ಕರೆ ಹಬ್ಬ, ಬೆಲೆ ಏರುತ್ತದೆ. ಕೊನೆಯ ಪುಟಗಳಲ್ಲಿ ಅಕ್ಷರ ನಡುಗಿತ್ತು. ಅಲ್ಲಿ ಬೆಲೆ ಇರಲಿಲ್ಲ, ಬರೀ ಹೆಸರುಗಳು. ಇದು ತಂಗಿ ಮಗನಿಗೆ, ಇದು ಅಣ್ಣನ ಮಗಳಿಗೆ. ಅವರಿಬ್ಬರೂ ಬಂದಿದ್ದರು. ಒಳ್ಳೆಯವರೇ. ನಮ್ಮ ಮನೆಯಲ್ಲಿ ಜಾಗ ಇಲ್ಲ ಅಂದರು. ಅಣ್ಣನ ಮಗಳು ಅಡುಗೆಮನೆ ರೇಡಿಯೋ ತೆಗೆದುಕೊಂಡಳು. ಉಳಿದದ್ದಕ್ಕೆಲ್ಲ ನಾನೇ ನಂಬರ್ ಅಂಟಿಸಿದೆ.

ಅವತ್ತು ಸಂಜೆ ಮನೆಗೆ ಬಂದರೆ ನಿನ್ನ ಕಾಗದ. ‘ತೂಗುಮಂಚ – ಸುಮಾ’ ಅಂತ ಬರೆದಿದ್ದರಂತೆ, ಆಮೇಲೆ ಹೆಸರಿಗೆ ಗೆರೆ ಎಳೆದು ‘ಮಾರುವುದು’ ಅಂತ ಮಾಡಿದರಂತೆ. ಯುಗಾದಿ ದಿನ ಫೋನಿನಲ್ಲಿ ನಾನೇ ಹೇಳಿದ್ದೆ. ಈ ಫ್ಲ್ಯಾಟಿನ ಸೂರಿಗೆ ಕೊಂಡಿ ಹಾಕಿದರೆ ಸೂರೇ ಕೆಳಗೆ ಬರುತ್ತೆ, ಎಲ್ಲಿಡಲಿ ಅಂತ ನಕ್ಕಿದ್ದೆ. ತಮಾಷೆಗೆ ಅಂದದ್ದು ಅಮ್ಮಾ, ಸುಮ್ನೆ.

ಈಗ ಸತ್ಯ ಹೇಳು. ಅಪ್ಪನ ಡಾಕ್ಟರ್ ನಿಜವಾಗಿ ಏನಂದರು? ಹೃದಯದ ಸ್ಕ್ಯಾನ್, ಎಕೋ, ಮಾಡಿಸಿದರಾ? ರಿಪೋರ್ಟನ್ನ ಫೋಟೋ ತೆಗೆದು ರಘು ಕೈಲಿ ವಾಟ್ಸಾಪ್ ಮಾಡಿಸು. ಅಪ್ಪ ರಾತ್ರಿ ಎರಡು ದಿಂಬು ಇಟ್ಟುಕೊಂಡು ಮಲಗುತ್ತಿದ್ದಾರಾ? ಮೆಟ್ಟಿಲು ಹತ್ತುವಾಗ ನಿಲ್ಲುತ್ತಾರಾ? ‘ಏನಿಲ್ಲ’ ಅಂತ ಬರೆಯಬೇಡ.

ನೀನು ಬರೆದಿದ್ದೆಯಲ್ಲ, ಆ ಬೆಂಗಳೂರಿನ ವ್ಯಾಪಾರಿ ತೂಗುಮಂಚ, ಪಟ್ಟಾಭಿಷೇಕದ ಪಟ, ಹಂಡೆ ಎಲ್ಲ ಸೇರಿ 80,000 ಅಂದನಂತಲ್ಲ, ಅವನನ್ನ ಜಗಲಿ ಹತ್ತಿಸಬೇಡಿ. ಆ ಪಟದ ಚಿನ್ನದ ಹಾಳೆ ಮುತ್ತಜ್ಜನ ಕಾಲದ್ದು. ಲಂಡನ್ನಿಗೆ ಕಳಿಸುತ್ತೇನೆ ಅಂತ ಕೊಚ್ಚಿಕೊಂಡನಂತೆ. ನೂರು ವರ್ಷ ದಾಟಿದ್ದನ್ನ ದೇಶದಿಂದ ಆಚೆ ಸಾಗಿಸುವುದು 1972ರ ಕಾನೂನಿನಲ್ಲೇ ತಪ್ಪು. ಇಂಥದ್ದರ ವ್ಯಾಪಾರ ಮಾಡುವವನಿಗೆ ಲೈಸೆನ್ಸ್ ಬೇರೆ ಬೇಕು. ಕೇಳಿ ನೋಡಿ, ಓಡಿಹೋಗುತ್ತಾನೆ.

ದುಡ್ಡು ಬೇಕಿದ್ದರೆ ನಾನಿದ್ದೇನೆ. ನಮಗೆ ಏನೂ ತೊಂದರೆ ಇಲ್ಲ, ನಿಜವಾಗಿ ಇಲ್ಲ. ಕೆಲಸ ಖಾಯಂ ಮಾಡುತ್ತೇವೆ ಅಂದಿದ್ದಾರೆ, ಮಾಡುತ್ತಾರೆ. ಚಳಿ ಅಷ್ಟೇನಿಲ್ಲ. ಸರಿಯಾಗಿ ಊಟ ಮಾಡುತ್ತೇನೆ. ಡಿಸೆಂಬರಿಗೆ ಟಿಕೆಟ್ ನೋಡುತ್ತಿದ್ದೇನೆ. ರಿಪೋರ್ಟ್ ನೋಡಿದ ಮೇಲೆ ಬೇಕಾದರೆ ಮೊದಲೇ ಬರುತ್ತೇನೆ.

ನೋಟುಬುಕ್ಕು ಅಪ್ಪ ಮಲಗಿದಾಗ ತೆಗೆದು, ‘ಮಾರುವುದು’ ಅನ್ನುವುದನ್ನ ಹೊಡೆದು ನನ್ನ ಹೆಸರು ಬರೆ. ಪೆನ್ಸಿಲ್ಲಿನಲ್ಲಿ ಅಲ್ಲ, ಪೆನ್ನಿನಲ್ಲಿ.

ರಘು ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ, ಟ್ಯಾಕ್ಸಿ ಬಂತು. ಅವನ ಬ್ಯಾಗಿನಲ್ಲಿ ಅಪ್ಪನಿಗೆ ಸ್ವೆಟರ್ ಇದೆ, ಸಂತೆಯಲ್ಲಿ ಕೊಂಡದ್ದು ಅಂತ ಹೇಳು, ಇಲ್ಲದಿದ್ದರೆ ಹಾಕಿಕೊಳ್ಳುವುದಿಲ್ಲ. ಸೀತಕ್ಕನಿಗೆ ಆಮೇಲೆ ಬರೆಯುತ್ತೇನೆ.

ಸುಮಾ